ವೈದ್ಯರನ್ನು ಕಾಣದೇ ಎಮರ್ಜೆನ್ಸಿ ರೂಮಿನಿಂದ ಹೊರಬಂದರೂ ಬಂದ ಬಿಲ್: ಅಮೆರಿಕದಲ್ಲಿ ತಕರಾರು ಹಾಕುವ ಬಗೆ

ರಾತ್ರಿ ಹೊಟ್ಟೆನೋವೆಂದು ಅಮೆರಿಕದ ಆಸ್ಪತ್ರೆಯೊಂದರ ಎಮರ್ಜೆನ್ಸಿ ರೂಮಿಗೆ ಹೋಗುತ್ತೀರಿ. ಹೆಸರು ಬರೆಸುತ್ತೀರಿ, ನರ್ಸ್ ಬಿ.ಪಿ., ಜ್ವರ ನೋಡುತ್ತಾರೆ, ಆಮೇಲೆ ಐದಾರು ಗಂಟೆ ಕುರ್ಚಿಯಲ್ಲಿ ಕೂತದ್ದೇ ಬಂತು. ನೋವು ಇಳಿಯಿತೆಂದೋ ಬೆಳಗಾಯಿತೆಂದೋ ಮನೆಗೆ ಹೊರಡುತ್ತೀರಿ. ಕೆಲವು ವಾರಗಳ ನಂತರ ನೂರಾರು, ಕೆಲವೊಮ್ಮೆ ಸಾವಿರ ದಾಟಿದ ಡಾಲರಿನ ಬಿಲ್ ಬರುತ್ತದೆ.

ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ "ನಾನು ಡಾಕ್ಟರನ್ನೇ ನೋಡಿಲ್ಲ, ದುಡ್ಡು ಯಾಕೆ ಕೊಡಬೇಕು" ಎಂದು ಕೇಳುವುದು ಹೆಚ್ಚಿನವರು ಮಾಡುವ ಮೊದಲ ಕೆಲಸ. ಮಾತು ನ್ಯಾಯವಾದದ್ದೇ. ಆದರೆ ಫೋನ್ ಎತ್ತಿದವರ ಪರದೆಯ ಮೇಲೆ ಇರುವುದು ಸೇವೆಯನ್ನು ಸೂಚಿಸುವ ಒಂದು ಕೋಡು ಮತ್ತು ಒಂದು ಮೊತ್ತ. ಅದನ್ನು ತೆಗೆಯುವ ಅಧಿಕಾರ ಅವರಿಗಿಲ್ಲ. ಕೋಡು ಬದಲಾಗಬೇಕಾದರೆ ಚಾರ್ಟಿನಲ್ಲಿ, ಅಂದರೆ ನಿಮ್ಮ ಭೇಟಿಯ ವೈದ್ಯಕೀಯ ದಾಖಲೆಯಲ್ಲಿ, ಬರೆದದ್ದಕ್ಕೂ ಬಿಲ್ಲಿನಲ್ಲಿ ಹಾಕಿದ್ದಕ್ಕೂ ಎಲ್ಲಿ ತಾಳೆಯಾಗುತ್ತಿಲ್ಲ ಎಂದು ನೀವೇ ಬೆರಳಿಟ್ಟು ತೋರಿಸಬೇಕು, ಅದೂ ಬರಹದಲ್ಲಿ. ಇಲ್ಲಿ ಹೇಳಿರುವುದೆಲ್ಲ ಆ ಒಂದು ಕೆಲಸಕ್ಕೆ ಬೇಕಾದ ಸಿದ್ಧತೆ.

ಮೊದಲಿಗೆ ಒಂದು ಮಾತು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ತಲೆಗೆ ಪೆಟ್ಟು ಇದ್ದಾಗ ಬಿಲ್ಲಿನ ಭಯಕ್ಕೆ ಎದ್ದು ಬರಬೇಡಿ. 1986ರ ಎಮ್ಟಾಲಾ ಕಾನೂನಿನ ಪ್ರಕಾರ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್) ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ, ಬಂದವರ ಕೈಯಲ್ಲಿ ದುಡ್ಡಿರಲಿ ಬಿಡಲಿ, ಇನ್ಶೂರೆನ್ಸ್ ಇರಲಿ ಬಿಡಲಿ, ತಪಾಸಣೆ ಮಾಡಲೇಬೇಕು. ಹಣದ ವಿಚಾರಣೆಗಾಗಿ ತಪಾಸಣೆಯನ್ನು ತಡಮಾಡುವಂತೆಯೂ ಇಲ್ಲ.

ಬಿಲ್ ಎಲ್ಲಿಂದ ಹುಟ್ಟುತ್ತದೆ

ಎಮರ್ಜೆನ್ಸಿ ರೂಮಿಗೆ ಹೋದರೆ ಸಾಮಾನ್ಯವಾಗಿ ಎರಡು ಕಡೆಯಿಂದ ಬಿಲ್ ಬರುತ್ತದೆ. ಒಂದು ಆಸ್ಪತ್ರೆಯದು. ಕಟ್ಟಡ, ನರ್ಸ್, ಉಪಕರಣ ಎಲ್ಲಕ್ಕೂ ಸೇರಿಸಿ ಹಾಕುವ ಇದನ್ನು ಫೆಸಿಲಿಟಿ ಫೀ ಅನ್ನುತ್ತಾರೆ. ಇನ್ನೊಂದು ವೈದ್ಯರದು. ಅನೇಕ ಕಡೆ ಎಮರ್ಜೆನ್ಸಿ ವೈದ್ಯರು ಆಸ್ಪತ್ರೆಯ ನೌಕರರಲ್ಲ, ಬೇರೆ ಕಂಪನಿಯವರು. ಆದ್ದರಿಂದ ಅವರ ಬಿಲ್ ಬೇರೆ ಹೆಸರಿನಲ್ಲಿ, ಬೇರೆ ವಿಳಾಸದಿಂದ, ಬೇರೆ ವಾರದಲ್ಲಿ ಬರಬಹುದು. ಎರಡಕ್ಕೂ ಪ್ರತ್ಯೇಕವಾಗಿ ತಕರಾರು ಹಾಕಬೇಕು. ಒಂದು ಕಡೆ ಬಗೆಹರಿದರೆ ಇನ್ನೊಂದು ತಾನಾಗಿ ಹೋಗುವುದಿಲ್ಲ.

ಎರಡೂ ಬಿಲ್ಲುಗಳಲ್ಲಿ ಭೇಟಿಗೆ ಹಾಕುವ ಕೋಡುಗಳು 99281ರಿಂದ 99285ರವರೆಗಿನ ಐದು. 99281 ತೀರಾ ಹಗುರದ ಭೇಟಿ, 99285 ಅತಿ ಗಂಭೀರವಾದದ್ದು. ಆಸ್ಪತ್ರೆಯ ಬಿಲ್ಲಿನಲ್ಲಿ ಯಾವ ಮಟ್ಟ ಎಂಬುದನ್ನು ಆಸ್ಪತ್ರೆ ತನ್ನದೇ ಅಂಕಪಟ್ಟಿಯಿಂದ ನಿರ್ಧರಿಸುತ್ತದೆ, ಅಂದರೆ ನರ್ಸ್ ಮತ್ತು ಉಪಕರಣಗಳ ಬಳಕೆ ಎಷ್ಟಾಯಿತು ಎಂಬುದರ ಮೇಲೆ. ವೈದ್ಯರ ಬಿಲ್ಲಿನಲ್ಲಿ ಅದು ವೈದ್ಯಕೀಯ ನಿರ್ಧಾರದ ಜಟಿಲತೆಯ ಮೇಲೆ ನಿಲ್ಲುತ್ತದೆ. 2023ರಿಂದ 99281ರ ವಿವರಣೆಯೇ ಬದಲಾಗಿದೆ. ವೈದ್ಯರೋ ಅರ್ಹ ವೃತ್ತಿಪರರೋ ಎದುರಿಗೆ ಇರಲೇಬೇಕಾಗಿಲ್ಲದ ಭೇಟಿಗೂ ಅದನ್ನು ಬಳಸಬಹುದು ಎಂಬರ್ಥದ ಮಾತು ಸೇರಿದೆ. ನರ್ಸ್ ಮಾತ್ರ ನೋಡಿದ ಭೇಟಿಗೆ ಆಸ್ಪತ್ರೆ 99281 ಹಾಕಿ ಸಮರ್ಥಿಸಿಕೊಳ್ಳುವುದು ಇದರ ಬಲದ ಮೇಲೆ. ಆದರೆ 99283, 99284 ಹಾಕಿದ್ದರೆ ಆ ಸಮರ್ಥನೆ ನಿಲ್ಲುವುದು ಬಹಳ ಕಷ್ಟ.

ಮೆಡಿಕೇರ್ ನಡೆಸುವ ಸರ್ಕಾರಿ ಸಂಸ್ಥೆ ಸಿಎಂಎಸ್ ಇನ್ನೂ ಕಟ್ಟುನಿಟ್ಟು. ನರ್ಸ್ ಟ್ರಯಾಜ್ (ಯಾರನ್ನು ಮೊದಲು ನೋಡಬೇಕೆಂದು ತಿಳಿಯಲು ಮಾಡುವ ಆರಂಭದ ತಪಾಸಣೆ) ಮಾಡಿದ ಮೇಲೆ ರೋಗಿ ವೈದ್ಯರನ್ನು ಕಾಣದೆ ಹೊರಟುಹೋದರೆ ಆಸ್ಪತ್ರೆ ಅತಿ ಕೆಳಗಿನ ಮಟ್ಟದ ಭೇಟಿಯನ್ನೂ ಮೆಡಿಕೇರ್‌ಗೆ ಬಿಲ್ ಮಾಡುವಂತಿಲ್ಲ ಎಂದು ಅದು ಪ್ರಶ್ನೋತ್ತರದ ರೂಪದಲ್ಲಿ ಸ್ಪಷ್ಟಪಡಿಸಿದೆ. ಕಾರಣವನ್ನೂ ಕೊಟ್ಟಿದೆ: ಅಂಥ ಸೇವೆ ವೈದ್ಯರ ಸೇವೆಗೆ ಪೂರಕವಾಗಿ, ವೈದ್ಯರ ಆದೇಶದ ಮೇಲೆ ನಡೆದದ್ದಲ್ಲ. ಮೊದಲೇ ಬರೆದಿಟ್ಟ ಸ್ಟ್ಯಾಂಡಿಂಗ್ ಆರ್ಡರ್ ಪ್ರಕಾರ ನರ್ಸ್ ಮಾಡಿದ ಚಿಕಿತ್ಸೆಯೂ ಆ ಷರತ್ತನ್ನು ಪೂರೈಸುವುದಿಲ್ಲ. ಆದರೆ ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇಯಂಥ ಪರೀಕ್ಷೆಗಳ ವಿಷಯ ಬೇರೆ. ಅವು ನಡೆದಿದ್ದರೆ, ನೀವು ವೈದ್ಯರನ್ನು ಕಾಣದೆ ಹೋದರೂ, ಬಿಲ್ ಮಾಡಬಹುದು. ಈ ನಿಲುವು ಖಾಸಗಿ ಇನ್ಶೂರೆನ್ಸ್ ಕಂಪನಿಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಅದನ್ನು ಪತ್ರದಲ್ಲಿ ಉಲ್ಲೇಖಿಸುವುದು ಒಳ್ಳೆಯದು, ಏಕೆಂದರೆ ಆಸ್ಪತ್ರೆಯ ಕೋಡಿಂಗ್ ವಿಭಾಗದವರಿಗೆ ಅದು ಚೆನ್ನಾಗಿ ಗೊತ್ತಿರುವ ವಿಷಯ.

ನಿಜಕ್ಕೂ ಯಾರೂ ನೋಡಿರಲಿಲ್ಲವೇ?

ತಕರಾರಿಗೆ ಕೂರುವ ಮುನ್ನ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬೇಕು. ಜನಸಂದಣಿ ಇರುವ ಅನೇಕ ಎಮರ್ಜೆನ್ಸಿ ರೂಮುಗಳಲ್ಲಿ ಟ್ರಯಾಜ್ ಮೇಜಿನ ಬಳಿಯೇ ಒಬ್ಬ ಫಿಸಿಶಿಯನ್ ಅಸಿಸ್ಟೆಂಟ್ ಅಥವಾ ನರ್ಸ್ ಪ್ರಾಕ್ಟೀಷನರ್ ಕೂತಿರುತ್ತಾರೆ. ಎರಡು ಪ್ರಶ್ನೆ ಕೇಳಿ, ಹೊಟ್ಟೆ ಒತ್ತಿ ನೋಡಿ, ರಕ್ತಪರೀಕ್ಷೆಗೆ ಆದೇಶ ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ನಮ್ಮ ಕಣ್ಣಿಗೆ ಅವರೂ ನರ್ಸೇ. ಕಾನೂನಿನ ಕಣ್ಣಿಗೆ ಅವರು ಬಿಲ್ ಮಾಡಬಲ್ಲ ವೃತ್ತಿಪರರು. ಆಸ್ಪತ್ರೆಯ ನಿಯಮ ಅವರಿಗೆ ಅಧಿಕಾರ ಕೊಟ್ಟಿದ್ದರೆ ಎಮ್ಟಾಲಾ ಹೇಳುವ ತಪಾಸಣೆಯನ್ನೂ ಅವರೇ ಮಾಡಬಹುದು. ಹೀಗೆ ಆಗಿದ್ದರೆ "ಯಾರೂ ನೋಡಲಿಲ್ಲ" ಎಂಬ ವಾದ ಮೊದಲ ಪತ್ರದಲ್ಲೇ ಬಿದ್ದುಹೋಗುತ್ತದೆ. ಆಗ ಹಿಡಿಯಬೇಕಾದ ದಾರಿ ಬೇರೆ: ನೋಡಿದ್ದು ನಿಜ, ಆದರೆ ಎರಡು ನಿಮಿಷದ ಆ ಭೇಟಿಗೆ ಹಾಕಿದ ಮಟ್ಟ ಹೆಚ್ಚಾಯಿತು.

ಹಾಗೆಯೇ ನೀವು ಮುಖವನ್ನೇ ಕಾಣದ ವೈದ್ಯರ ಹೆಸರಿನಲ್ಲಿ ಬರುವ ಎಲ್ಲ ಬಿಲ್ಲೂ ತಪ್ಪಲ್ಲ. ಎಕ್ಸ್‌ರೇ ಆಗಿದ್ದರೆ ರೇಡಿಯಾಲಜಿಸ್ಟ್ ಎಲ್ಲೋ ಕೂತು ಅದನ್ನು ಓದಿರುತ್ತಾರೆ. ಇಸಿಜಿ ತೆಗೆದದ್ದಕ್ಕೆ 93005, ಅದನ್ನು ಓದಿ ವರದಿ ಬರೆದದ್ದಕ್ಕೆ 93010 ಎಂಬ ಬೇರೆ ಬೇರೆ ಕೋಡುಗಳಿವೆ. ವರದಿ ಚಾರ್ಟಿನಲ್ಲಿ ಇದ್ದರೆ ಆ ಮೊತ್ತ ನ್ಯಾಯವೇ. ವರದಿಯೇ ಇಲ್ಲದಿದ್ದರೆ ಅದು ತಕರಾರಿನ ಪಟ್ಟಿಗೆ.

ಹೊರಡುವಾಗ ನಿಮ್ಮನ್ನು ಹೇಗೆ ದಾಖಲಿಸಿದರು ಎಂಬುದೂ ಮುಖ್ಯ. ವೈದ್ಯರು ನೋಡುವ ಮುನ್ನ ಹೊರಟವರನ್ನು "ಲೆಫ್ಟ್ ವಿದೌಟ್ ಬೀಯಿಂಗ್ ಸೀನ್" ಎಂದೂ, ನೋಡಿದ ಮೇಲೆ ಸಲಹೆ ಮೀರಿ ಹೊರಟವರನ್ನು "ಅಗೇನ್ಸ್ಟ್ ಮೆಡಿಕಲ್ ಅಡ್ವೈಸ್" ಎಂದೂ, ಚಿಕಿತ್ಸೆಯ ನಡುವೆ ಹೇಳದೆ ಹೋದವರನ್ನು "ಇಲೋಪ್ಡ್" ಎಂದೂ ಬರೆಯುತ್ತಾರೆ. ನಿಮಗೆ ಬೇಕಾದದ್ದು ಮೊದಲನೆಯದು. ಮುಂದೆಂದಾದರೂ ಹೀಗೆ ಹೊರಡುವ ಸಂದರ್ಭ ಬಂದರೆ ಸುಮ್ಮನೆ ಎದ್ದು ಬರಬೇಡಿ. ಟ್ರಯಾಜ್ ನರ್ಸ್ ಬಳಿ ಹೋಗಿ "ವೈದ್ಯರು ಇನ್ನೂ ನೋಡಿಲ್ಲ, ನಾನು ಹೊರಡುತ್ತಿದ್ದೇನೆ, ಸಮಯ ಬರೆದುಕೊಳ್ಳಿ" ಎಂದು ಹೇಳಿ. ಸಹಿಗೆ ಕಾಗದ ಕೊಟ್ಟರೆ ಅದರಲ್ಲಿ ವೈದ್ಯರು ನೋಡಿ ಸಲಹೆ ಕೊಟ್ಟರೆಂಬ ಮಾತಿದೆಯೇ ಎಂದು ಓದಿ. ಇದ್ದರೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ "ವೈದ್ಯರು ನೋಡಿಲ್ಲ" ಎಂದು ಬರೆದು ಸಹಿ ಮಾಡಿ, ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ.

ತರಿಸಿಕೊಳ್ಳಬೇಕಾದ ಕಾಗದಗಳು

ಮೊದಲು ಬರುವ ಬಿಲ್ಲಿನಲ್ಲಿ "ಎಮರ್ಜೆನ್ಸಿ ಸರ್ವೀಸಸ್" ಎಂಬ ಒಂದೇ ಸಾಲು ಇರುತ್ತದೆ. ಅದನ್ನು ಹಿಡಿದು ವಾದ ಮಾಡಲು ಆಗದು. ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ ಮೂರು ವಿಷಯ ಹೇಳಿ: ಪ್ರತಿ ಸೇವೆಗೂ ಬೇರೆ ಸಾಲಿರುವ, ಕೋಡುಗಳ ಸಮೇತ ಐಟಮೈಸ್ಡ್ ಬಿಲ್ ಬೇಕು, ಇನ್ಶೂರೆನ್ಸ್‌ಗೆ ಕಳಿಸಿದ ಯುಬಿ-04 ಫಾರಂನ ಪ್ರತಿ ಬೇಕು, ತಕರಾರು ಇತ್ಯರ್ಥವಾಗುವವರೆಗೆ ಖಾತೆಯನ್ನು ಹೋಲ್ಡ್‌ನಲ್ಲಿ ಇಡಬೇಕು. ಹೋಲ್ಡ್ ಎಷ್ಟು ದಿನದ್ದು ಎಂದು ಕೇಳಿ ಬರೆದುಕೊಳ್ಳಿ. ಅದು ಮುಗಿದ ದಿನ ಯಾರೂ ನಿಮಗೆ ನೆನಪಿಸುವುದಿಲ್ಲ, ಖಾತೆ ತಾನಾಗಿ ಕಲೆಕ್ಷನ್, ಅಂದರೆ ಸಾಲ ವಸೂಲಿಯ, ದಾರಿ ಹಿಡಿಯುತ್ತದೆ. ಮಾತಾಡಿದವರ ಹೆಸರು, ತಾರೀಖು, ರೆಫರೆನ್ಸ್ ನಂಬರ್ ಒಂದು ಕಡೆ ಬರೆದಿಡಿ.

ಚಾರ್ಟಿಗೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಬರೆಯಬೇಕು. ಪೇಷೆಂಟ್ ಪೋರ್ಟಲ್‌ನಲ್ಲಿ (ರೋಗಿಗಳಿಗಾಗಿ ಆಸ್ಪತ್ರೆ ಇಟ್ಟ ಜಾಲತಾಣ) ಎಲ್ಲವೂ ಕಾಣದೇ ಇರಬಹುದು. ನೀವು ಕೇಳಬೇಕಾದದ್ದು ಆ ಭೇಟಿಯ ಪೂರ್ತಿ ದಾಖಲೆ: ಟ್ರಯಾಜ್ ನೋಟ್, ಗಂಟೆ-ನಿಮಿಷ ಸಮೇತ ಇರುವ ಎಮರ್ಜೆನ್ಸಿ ವಿಭಾಗದ ಟೈಮ್‌ಲೈನ್, ಯಾರು ಆದೇಶಿಸಿದರು ಎಂಬುದಿರುವ ಆರ್ಡರ್ ಪಟ್ಟಿ, ಪರೀಕ್ಷಾ ಫಲಿತಾಂಶ, ಔಷಧಿ ಕೊಟ್ಟ ದಾಖಲೆ, ಹೊರಟ ವಿವರ. ರೋಗಿಯ ಮಾಹಿತಿಗೆ ಸಂಬಂಧಿಸಿದ ಹಿಪಾ ಕಾನೂನಿನಡಿ ಇವು ನಿಮ್ಮ ಹಕ್ಕು, ಬಿಲ್ಲಿಂಗ್ ದಾಖಲೆಗಳೂ ಅದರಲ್ಲೇ ಸೇರುತ್ತವೆ. ಕೇಳಿದ 30 ದಿನದೊಳಗೆ ಕೊಡಬೇಕು. ವಿಳಂಬದ ಕಾರಣವನ್ನು ಬರಹದಲ್ಲಿ ತಿಳಿಸಿದರೆ ಮಾತ್ರ ಇನ್ನು 30 ದಿನ ತೆಗೆದುಕೊಳ್ಳಬಹುದು. ಬಿಲ್ ಬಾಕಿ ಇದೆಯೆಂದು ದಾಖಲೆ ತಡೆಹಿಡಿಯುವಂತಿಲ್ಲ.

ಇನ್ಶೂರೆನ್ಸ್ ಇದ್ದರೆ ಅವರ ಜಾಲತಾಣದಿಂದ ಆ ದಿನದ ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್ ಇಳಿಸಿಕೊಳ್ಳಿ. ಇಒಬಿ ಎಂದು ಕರೆಯುವ ಈ ಕಾಗದ ಬಿಲ್ ಅಲ್ಲ. ಆಸ್ಪತ್ರೆ ಎಷ್ಟು ಕೇಳಿತು, ಒಪ್ಪಂದದ ದರ ಎಷ್ಟು, ನಿಮ್ಮ ಪಾಲು ಎಷ್ಟು ಎಂಬ ಲೆಕ್ಕ. ಆಸ್ಪತ್ರೆಯ ಬಿಲ್ಲಿನ ಮೊತ್ತ ಇಒಬಿಯ "ನಿಮ್ಮ ಪಾಲಿ"ಗಿಂತ ಹೆಚ್ಚಿದ್ದರೆ ಅಲ್ಲೇ ಒಂದು ತಪ್ಪು ಸಿಕ್ಕಿತು.

ಅಪ್ಪ-ಅಮ್ಮ ಊರಿನಿಂದ ಬಂದಾಗ ಆದ ಬಿಲ್ ಆದರೆ ಇನ್ನೊಂದು ಅಡ್ಡಿ ಇದೆ. ರೋಗಿಯ ಒಪ್ಪಿಗೆ ಇಲ್ಲದೆ ಮಕ್ಕಳ ಜತೆಗೂ ಆಸ್ಪತ್ರೆ ಮಾತಾಡುವುದಿಲ್ಲ. ಅವರು ಇನ್ನೂ ಅಮೆರಿಕದಲ್ಲಿ ಇದ್ದರೆ ಫೋನಿನಲ್ಲಿ ಅವರನ್ನೇ ಕರೆದು ಹೆಸರು, ಹುಟ್ಟಿದ ದಿನ ಹೇಳಿಸಿ, "ನನ್ನ ಮಗಳ ಜತೆ ಮಾತಾಡಬಹುದು" ಎಂದು ಹೇಳಿಸಿದರೆ ಆ ಕರೆಗೆ ಸಾಕಾಗುತ್ತದೆ. ಅವರಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡ ದುಭಾಷಿ ಬೇಕೆಂದು ಕೇಳಿ. ಫೆಡರಲ್ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಊರಿಗೆ ವಾಪಸಾಗಿದ್ದರೆ ಆಸ್ಪತ್ರೆಯ ಆಥರೈಸೇಶನ್ ಫಾರಂ ಕಳಿಸಿ, ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ತರಿಸಿಕೊಳ್ಳಿ. ಸಾಧ್ಯವಾದರೆ ಅವರು ವಿಮಾನ ಹತ್ತುವ ಮುನ್ನವೇ ಬಿಲ್ಲಿಂಗ್ ಮತ್ತು ರೆಕಾರ್ಡ್ಸ್ ಎರಡಕ್ಕೂ ಈ ಫಾರಂಗೆ ಸಹಿ ಮಾಡಿಸಿಡಿ.

ಕಾಗದ ಓದುವುದು ಹೇಗೆ

ಯುಬಿ-04 ಒಂದೇ ಪುಟದ ಫಾರಂ, ಚಿಕ್ಕ ಚಿಕ್ಕ ಮನೆಗಳು, ಪ್ರತಿ ಮನೆಗೂ ಒಂದು ನಂಬರ್. ನೋಡಿದ ಕೂಡಲೇ ಗಾಬರಿಯಾಗುತ್ತದೆ. ನಿಮಗೆ ಬೇಕಾದದ್ದು ಐದಾರು ಮನೆ ಮಾತ್ರ.

17ನೇ ಮನೆಯಲ್ಲಿ ಹೊರಟ ಸ್ಥಿತಿಯ ಕೋಡ್ ಇರುತ್ತದೆ. 07 ಎಂದಿದ್ದರೆ ಸಲಹೆ ಮೀರಿ ಹೊರಟರು ಅಥವಾ ಚಿಕಿತ್ಸೆ ಮುಂದುವರಿಸಲಿಲ್ಲ ಎಂದರ್ಥ. 01 ಎಂದಿದ್ದರೆ ಎಲ್ಲ ಮುಗಿಸಿ ಮಾಮೂಲಿಯಾಗಿ ಮನೆಗೆ ಕಳಿಸಿಕೊಟ್ಟರು ಎಂದರ್ಥ. ಯಾರೂ ನಿಮ್ಮನ್ನು ಡಿಸ್‌ಚಾರ್ಜ್ ಮಾಡದೇ ಇದ್ದಾಗ 01 ಇರುವುದು ತಪ್ಪು.

42ನೇ ಮನೆಯಲ್ಲಿ ಯಾವ ವಿಭಾಗದ ಶುಲ್ಕ ಎಂದು ಹೇಳುವ ರೆವಿನ್ಯೂ ಕೋಡ್, 44ರಲ್ಲಿ ಸೇವೆಯ ಕೋಡ್. 0450 ಎಂದರೆ ಎಮರ್ಜೆನ್ಸಿ ರೂಮ್. ಅದರ ಎದುರಿಗೆ 99281ರಿಂದ 99285ರೊಳಗೆ ಯಾವುದಿದೆ ನೋಡಿ. 0300ರ ಸರಣಿ ಲ್ಯಾಬ್, 0730 ಇಸಿಜಿ, 0250 ಔಷಧಿ. 36415 ಎಂದರೆ ಸೂಜಿ ಚುಚ್ಚಿ ರಕ್ತ ತೆಗೆದದ್ದು. 85025 ರಕ್ತಕಣಗಳ ಎಣಿಕೆ. ಒಂದೊಂದು ಸಾಲಿಗೂ ಚಾರ್ಟಿನಲ್ಲಿ ಮೂರು ಗುರುತು ಹುಡುಕಿ: ಆದೇಶ, ಮಾಡಿದ ಸಮಯ, ಫಲಿತಾಂಶ. ಆದೇಶ ಇದ್ದು ಫಲಿತಾಂಶ ಇಲ್ಲದಿದ್ದರೆ ಆ ಪರೀಕ್ಷೆ ನಡೆದೇ ಇಲ್ಲ ಎಂಬ ಸಾಧ್ಯತೆ ಹೆಚ್ಚು. ಕಾಯುತ್ತಿದ್ದಾಗ ಆದೇಶವಾಗಿ, ನಿಮ್ಮನ್ನು ಕರೆಯುವಷ್ಟರಲ್ಲಿ ನೀವು ಹೊರಟುಹೋಗಿರುತ್ತೀರಿ. ಆದೇಶವನ್ನು ಯಾರೂ ರದ್ದು ಮಾಡದೇ ಬಿಟ್ಟರೆ ಶುಲ್ಕ ಹಾಗೇ ಉಳಿಯಬಹುದು.

67ನೇ ಮನೆ ರೋಗದ ಕೋಡ್. ಇಲ್ಲಿ ಝಡ್53.21 ಇದೆಯೇ ನೋಡಿ. ಅದರ ಅರ್ಥವೇ, ಆರೋಗ್ಯ ವೃತ್ತಿಪರರು ನೋಡುವ ಮುನ್ನ ರೋಗಿ ಹೊರಟುಹೋದ ಕಾರಣ ಚಿಕಿತ್ಸೆ ನಡೆಯಲಿಲ್ಲ ಎಂದು. ಇದು ಬೇರೆ ರೋಗದ ಕೋಡುಗಳ ಜತೆ ಕೆಳಗಿನ ಸಾಲಿನಲ್ಲೂ ಇರಬಹುದು. ಒಂದೇ ಫಾರಂನಲ್ಲಿ ಝಡ್53.21 ಇದ್ದು, 0450ರ ಎದುರು 99283 ಇದ್ದರೆ ಆಸ್ಪತ್ರೆಯೇ ತನ್ನ ಬಿಲ್ಲಿಗೆ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಇದಕ್ಕಿಂತ ಗಟ್ಟಿ ಪುರಾವೆ ಸಿಗುವುದು ಅಪರೂಪ.

76ನೇ ಮನೆಯಲ್ಲಿ ಜವಾಬ್ದಾರಿ ಹೊತ್ತ ವೈದ್ಯರ ಹೆಸರು ಮತ್ತು ಅವರ ಗುರುತಿನ ಹತ್ತಂಕಿಯ ಎನ್‌ಪಿಐ ನಂಬರ್ ಇರುತ್ತದೆ. ಆ ಹೆಸರನ್ನು ಟೈಮ್‌ಲೈನ್‌ನಲ್ಲಿ ಹುಡುಕಿ. ಅವರು ಬರೆದ ಒಂದು ನೋಟ್ ಇದೆಯೇ? ಇಲ್ಲ ಎಂದಾದರೆ ಅವರ ಹೆಸರಿನಲ್ಲಿ ಬಂದ ವೈದ್ಯರ ಬಿಲ್ಲಿಗೆ ಆಧಾರವೇ ಇಲ್ಲ. ನೋಟ್ ಇದ್ದರೆ ಅದನ್ನು ಪೂರ್ತಿ ಓದಿ, ಅದರ ಸಮಯ ನೋಡಿ. ನೀವು ಹೊರಟ ಮೇಲೆ ಬರೆದದ್ದಾಗಿದ್ದರೆ, ಅಥವಾ ಯಾರೂ ಮುಟ್ಟದ ಹೊಟ್ಟೆಯ ಬಗ್ಗೆ "ಮೆತ್ತಗಿದೆ, ನೋವಿಲ್ಲ" ಎಂದು ಬರೆದಿದ್ದರೆ, ಆ ವಾಕ್ಯವನ್ನು ಹಾಗೇ ಎತ್ತಿ ಪತ್ರದಲ್ಲಿ ಹಾಕಬೇಕು. ದಾಖಲೆ ತಿದ್ದಲು ಅರ್ಜಿ ಹಾಕುವ ಹಕ್ಕೂ ಹಿಪಾದಲ್ಲಿ ಇದೆ. ಆಸ್ಪತ್ರೆ ಒಪ್ಪದಿದ್ದರೆ ನಿಮ್ಮ ಅಸಮ್ಮತಿಯ ಹೇಳಿಕೆಯನ್ನು ದಾಖಲೆಗೆ ಸೇರಿಸಬೇಕು.

ಪತ್ರ

ಫೋನಿನಲ್ಲಿ ವಿವರಿಸಿ ಗೆದ್ದವರು ಇದ್ದಾರೆ. ಆದರೂ ಪತ್ರವೇ ಬೇಕು, ಏಕೆಂದರೆ ಮುಂದೆ ಕಲೆಕ್ಷನ್, ಇನ್ಶೂರೆನ್ಸ್ ಅಪೀಲು, ರಾಜ್ಯದ ದೂರು, ಎಲ್ಲದಕ್ಕೂ ಅದೇ ಬುನಾದಿ. ಬಿಲ್ಲಿನಲ್ಲಿ ತಕರಾರಿಗೆಂದೇ ಬೇರೆ ವಿಳಾಸ ಇದೆಯೇ ನೋಡಿ, ಹಣ ಕಳಿಸುವ ವಿಳಾಸಕ್ಕೆ ಹಾಕಿದರೆ ಪತ್ರ ಚೆಕ್ ಬಿಡಿಸುವ ಕೇಂದ್ರದಲ್ಲಿ ಕಳೆದುಹೋಗಬಹುದು. ಅಂಚೆಯಲ್ಲಿ ಸರ್ಟಿಫೈಡ್ ಮೇಲ್, ರಿಟರ್ನ್ ರಿಸೀಟ್ ಸಮೇತ ಕಳಿಸಿ. ಪೋರ್ಟಲ್‌ನಲ್ಲೂ ಅದೇ ಪತ್ರವನ್ನು ಹಾಕಿ. ಇಂಗ್ಲಿಷಿನಲ್ಲಿ ಬರೆಯಬೇಕಾದ ಈ ಪತ್ರದ ಒಕ್ಕಣೆ ಹೀಗಿರಲಿ:

"ಖಾತೆ ಸಂಖ್ಯೆ ಇಷ್ಟು, ಸೇವೆಯ ದಿನಾಂಕ ಇಷ್ಟು. ಈ ಖಾತೆಯ ಕೆಳಗಿನ ಸಾಲುಗಳಿಗೆ ನನ್ನ ತಕರಾರಿದೆ. ನಾನು ರಾತ್ರಿ 9:40ಕ್ಕೆ ನೋಂದಾಯಿಸಿದೆ. 9:58ಕ್ಕೆ ಟ್ರಯಾಜ್ ನರ್ಸ್ ಬಿ.ಪಿ., ನಾಡಿ, ಜ್ವರ ನೋಡಿದರು. ಬೆಳಗಿನ 3:15ಕ್ಕೆ ಹೊರಡುವುದಾಗಿ ನರ್ಸ್‌ಗೆ ತಿಳಿಸಿ ಹೊರಟೆ. ನಿಮ್ಮ ದಾಖಲೆಯ 4ನೇ ಪುಟದಲ್ಲಿ 'ಲೆಫ್ಟ್ ವಿದೌಟ್ ಬೀಯಿಂಗ್ ಸೀನ್' ಎಂದೇ ಬರೆದಿದೆ. ವೈದ್ಯರ, ಫಿಸಿಶಿಯನ್ ಅಸಿಸ್ಟೆಂಟ್‌ರ, ನರ್ಸ್ ಪ್ರಾಕ್ಟೀಷನರ್‌ರ ಯಾವ ನೋಟೂ ಇಲ್ಲ. ಆದರೂ 0450ರಡಿ 99283 ಹಾಕಲಾಗಿದೆ. 85025ಕ್ಕೆ ಫಲಿತಾಂಶವಿಲ್ಲ. ಈ ಎರಡೂ ಸಾಲುಗಳನ್ನು ಕೋಡಿಂಗ್ ವಿಭಾಗದಿಂದ ಪರಿಶೀಲಿಸಿ ತೆಗೆದುಹಾಕಬೇಕು. 99283 ಉಳಿಸಿಕೊಳ್ಳುವುದಾದರೆ ನಿಮ್ಮ ಮಟ್ಟ ನಿರ್ಧರಿಸುವ ಅಂಕಪಟ್ಟಿಯನ್ನೂ, ಆ ಅಂಕ ಬಂದ ಬಗೆಯನ್ನೂ ಬರಹದಲ್ಲಿ ತಿಳಿಸಬೇಕು. ಉತ್ತರ ಬರುವವರೆಗೆ ಖಾತೆಯನ್ನು ಕಲೆಕ್ಷನ್‌ಗೆ ಕಳಿಸಬಾರದು. ವಿವಾದವಿಲ್ಲದ ಇಸಿಜಿ ಶುಲ್ಕವನ್ನು ಸರಿಪಡಿಸಿದ ಬಿಲ್ ಬಂದ ಮೇಲೆ ಪಾವತಿಸುತ್ತೇನೆ."

ಕೊನೆಯ ವಾಕ್ಯ ಬಿಡಬೇಡಿ. ನಿಜವಾಗಿ ನಡೆದದ್ದನ್ನು ಒಪ್ಪಿಕೊಂಡವರ ತಕರಾರಿಗೆ ತೂಕ ಹೆಚ್ಚು. ಕಾದದ್ದರ ಸಂಕಟ, ನರ್ಸ್ ಒರಟುತನ, ಇನ್ನೊಬ್ಬರನ್ನು ಮೊದಲು ಕರೆದದ್ದು, ಇವನ್ನೆಲ್ಲ ಈ ಪತ್ರದಲ್ಲಿ ಸೇರಿಸಬೇಡಿ, ಕೋಡಿಂಗ್ ನೋಡುವವರಿಗೆ ಅದರಿಂದ ಉಪಯೋಗವಿಲ್ಲ. ಅವು ಪೇಷೆಂಟ್ ರಿಲೇಶನ್ಸ್ ವಿಭಾಗಕ್ಕೆ ಬೇರೆ ಪತ್ರವಾಗಿ ಹೋಗಲಿ. ಬರೀ ಬಿಲ್ಲಿನ ದೂರಿಗೆ ಆಸ್ಪತ್ರೆಯ ಗ್ರೀವೆನ್ಸ್ ಪ್ರಕ್ರಿಯೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆರೈಕೆಯಲ್ಲಿ ಆದ ಕೊರತೆಯ ಬಗ್ಗೆ ದೂರಿದ್ದರೆ ಮಾತ್ರ ಅದು ಗ್ರೀವೆನ್ಸ್ ಆಗಿ, ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ.

ತಕರಾರು ನಡೆಯುತ್ತಿರುವಾಗ ಸೌಜನ್ಯಕ್ಕೆಂದು 20, 50 ಡಾಲರ್ ಕಟ್ಟುವುದು ಬೇಡ. ಕಟ್ಟಿದ ಹಣ ವಾಪಸು ಪಡೆಯುವುದು ಕಟ್ಟದೇ ಇರುವುದಕ್ಕಿಂತ ಬಹಳ ಕಷ್ಟ. ಕೆಲವು ರಾಜ್ಯಗಳಲ್ಲಿ ಹಳೆಯ ಸಾಲದ ಮೇಲೆ ಕಟ್ಟಿದ ಸಣ್ಣ ಕಂತು ಕೂಡ ದಾವೆಯ ಕಾಲಮಿತಿಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನೋಂದಣಿ ಕಿಟಕಿಯಲ್ಲೇ ಕೋಪೇ (ಭೇಟಿಗೆ ನಿಮ್ಮ ಪಾಲಿನ ನಿಗದಿತ ಮೊತ್ತ) ಕಟ್ಟಿದ್ದರೆ, ಭೇಟಿಯ ಶುಲ್ಕ ರದ್ದಾದಾಗ ಅದನ್ನೂ ವಾಪಸು ಕೇಳಿ.

ಇನ್ಶೂರೆನ್ಸ್ ಇದ್ದವರಿಗೆ

ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರುಮಾಡುವ ಮುನ್ನ ನೀವೇ ಭರಿಸಬೇಕಾದ ಮೊತ್ತ) ದೊಡ್ಡದಿರುವ ಪ್ಲಾನ್‌ನಲ್ಲಿ ಇಡೀ ಮೊತ್ತ ನಿಮ್ಮ ತಲೆಯ ಮೇಲೆಯೇ ಬರಬಹುದು. ಕಂಪನಿಗೆ ಫೋನ್ ಮಾಡಿದರೆ "ನಾವು ನಿಯಮದಂತೆ ಲೆಕ್ಕ ಹಾಕಿದ್ದೇವೆ" ಎನ್ನುತ್ತಾರೆ. ಆಸ್ಪತ್ರೆ ಕಳಿಸಿದ ಕ್ಲೇಮ್ ಅವರ ಪಾಲಿಗೆ ಸರಿಯಾದದ್ದೇ. ಅವರಿಗೆ ಹೇಳಬೇಕಾದ ಮಾತು ಇಷ್ಟೇ: "ಬಿಲ್ ಮಾಡಿದ ಸೇವೆ ನನಗೆ ಸಿಕ್ಕಿಲ್ಲ, ಆಸ್ಪತ್ರೆಯಿಂದ ವೈದ್ಯಕೀಯ ದಾಖಲೆ ತರಿಸಿ ಕ್ಲೇಮ್ ಮರುಪರಿಶೀಲಿಸಿ." ವೈದ್ಯರ ನೋಟ್ ಇಲ್ಲದೆ ವೈದ್ಯರ ಬಿಲ್ ಬಂದಿದ್ದರೆ ಅದನ್ನು ಕಂಪನಿಯ ವಂಚನೆ ತಡೆ ವಿಭಾಗಕ್ಕೆ ಕಳಿಸಲು ಕೇಳಬಹುದು. ಪಾವತಿ ನಿರಾಕರಿಸಿದ ಅಥವಾ ಕಡಿತ ಮಾಡಿದ ತೀರ್ಮಾನದ ಮೇಲೆ ಆಂತರಿಕ ಅಪೀಲಿಗೆ ಸಾಮಾನ್ಯವಾಗಿ 180 ದಿನ ಸಮಯವಿದೆ. ಅದರಲ್ಲೂ ಸೋತರೆ, ವೈದ್ಯಕೀಯ ತೀರ್ಮಾನ ಒಳಗೊಂಡ ವಿಷಯಗಳಿಗೆ 4 ತಿಂಗಳೊಳಗೆ ಹೊರಗಿನವರ ಪರಿಶೀಲನೆ ಕೇಳಬಹುದು.

ನೆಟ್‌ವರ್ಕಿನ ಹೊರಗಿನ, ಅಂದರೆ ನಿಮ್ಮ ಇನ್ಶೂರೆನ್ಸ್ ಜತೆ ಒಪ್ಪಂದವಿಲ್ಲದ, ಆಸ್ಪತ್ರೆ ಎಂದು ಹೆಚ್ಚು ಕೇಳಿದ್ದರೆ 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆ ನಿಮ್ಮ ಕಡೆಗಿದೆ. ಎಮರ್ಜೆನ್ಸಿ ಸೇವೆಗೆ ನೆಟ್‌ವರ್ಕಿನ ಒಳಗಿನ ಪಾಲನ್ನಷ್ಟೇ ಕೊಡಬೇಕು. ಆದರೆ ಇದೇ ಕಾಯ್ದೆಯ ಇನ್ನೊಂದು ಭಾಗವನ್ನು ಜನ ಇಲ್ಲಿಗೆ ತಂದು ಎಡವುತ್ತಾರೆ. ಅಂದಾಜು ವೆಚ್ಚಕ್ಕಿಂತ ಬಿಲ್ 400 ಡಾಲರ್ ಅಥವಾ ಅದಕ್ಕೂ ಹೆಚ್ಚಾದರೆ 120 ದಿನದೊಳಗೆ ವಿವಾದ ಹೂಡುವ ದಾರಿ ಅದು. ಇನ್ಶೂರೆನ್ಸ್ ಇಲ್ಲದವರು ಮೊದಲೇ ಸಮಯ ಗೊತ್ತುಮಾಡಿಕೊಂಡ ಸೇವೆಗಳಿಗಾಗಿ ಇರುವಂಥದ್ದು. ಮೊದಲೇ ಗೊತ್ತುಮಾಡಿಕೊಳ್ಳದೆ ಹೋದ ಎಮರ್ಜೆನ್ಸಿ ಭೇಟಿಗೆ ಅಂದಾಜು ಪತ್ರವೇ ಇರುವುದಿಲ್ಲ, ಹಾಗಾಗಿ ಅದು ಇಲ್ಲಿ ನಡೆಯದು.

ಮೆಡಿಕೇರ್ ಇರುವ ಹಿರಿಯರಾದರೆ ಸಿಎಂಎಸ್‌ನ ಮೇಲಿನ ನಿಲುವು ನೇರವಾಗಿ ಅನ್ವಯಿಸುತ್ತದೆ. ಮೆಡಿಕೇರ್ ಕಳಿಸುವ ಲೆಕ್ಕದ ಕಾಗದವಾದ ಮೆಡಿಕೇರ್ ಸಮರಿ ನೋಟಿಸ್ ಕೈಗೆ ಬಂದ 120 ದಿನದೊಳಗೆ ಮೊದಲ ಹಂತದ ಅಪೀಲು ಹಾಕಬಹುದು.

ಇನ್ಶೂರೆನ್ಸ್ ಇಲ್ಲದವರಿಗೆ, ಭೇಟಿಗೆ ಬಂದ ತಂದೆತಾಯಿಗೆ

ವಿಸಿಟರ್ ಇನ್ಶೂರೆನ್ಸ್‌ಗಳಲ್ಲಿ ಎರಡು ಬಗೆ. ಫಿಕ್ಸೆಡ್ ಬೆನಿಫಿಟ್ ಪ್ಲಾನ್ ಎಮರ್ಜೆನ್ಸಿ ಭೇಟಿಗೆ ಇಂತಿಷ್ಟೇ ಎಂದು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕಾಂಪ್ರಹೆನ್ಸಿವ್ ಪ್ಲಾನ್ ಡಿಡಕ್ಟಿಬಲ್ ಕಳೆದು ಪ್ರತಿಶತ ಲೆಕ್ಕದಲ್ಲಿ ಕೊಡುತ್ತದೆ. ಎರಡರಲ್ಲೂ ವೈದ್ಯರ ನೋಟ್ ಇಲ್ಲದ ಭೇಟಿಯ ಕ್ಲೇಮ್ ತಿರಸ್ಕಾರವಾಗುವ ಸಂಭವ ಹೆಚ್ಚು. ಆದ್ದರಿಂದ ಕ್ಲೇಮ್‌ಗೆ ಕಾಯುತ್ತ ಕೂರದೆ ಆಸ್ಪತ್ರೆಯ ಜತೆಗಿನ ತಕರಾರನ್ನು ಮೊದಲು ಮಾಡಿ.

ಅಮೆರಿಕದ ಬಹುಪಾಲು ಸಮುದಾಯ ಆಸ್ಪತ್ರೆಗಳು ಲಾಭರಹಿತ ಸಂಸ್ಥೆಗಳು ಇಲ್ಲವೇ ಸರ್ಕಾರಿ. ತೆರಿಗೆ ಕಾನೂನಿನ 501(ಆರ್) ಪ್ರಕಾರ ಲಾಭರಹಿತ ಆಸ್ಪತ್ರೆಗಳು ಲಿಖಿತ ಹಣಕಾಸು ನೆರವಿನ ನೀತಿ ಇಟ್ಟುಕೊಂಡಿರಲೇಬೇಕು. ಭೇಟಿಯ ನಂತರದ ಮೊದಲ ಬಿಲ್ಲಿನಿಂದ 240 ದಿನದವರೆಗೆ ಅರ್ಜಿ ತೆಗೆದುಕೊಳ್ಳಬೇಕು. ಮೊದಲ 120 ದಿನ ಕೋರ್ಟಿಗೆ ಹೋಗುವುದು, ಕ್ರೆಡಿಟ್ ಸಂಸ್ಥೆಗೆ ವರದಿ ಮಾಡುವುದು ಮುಂತಾದ ಕಠಿಣ ಕ್ರಮ ಕೈಗೊಳ್ಳುವಂತಿಲ್ಲ. ವಿದ್ಯಾರ್ಥಿಗಳಿಗೆ, ಕೆಲಸ ಕಳೆದುಕೊಂಡವರಿಗೆ ಇದು ಬಹಳ ಉಪಯುಕ್ತ. ನೀತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ, ಕೆಲವರು ಆ ಪ್ರದೇಶದ ನಿವಾಸಿಯಾಗಿರಬೇಕೆಂದು ಕೇಳುತ್ತಾರೆ. ತಕರಾರು ಮತ್ತು ನೆರವಿನ ಅರ್ಜಿ ಎರಡನ್ನೂ ಒಟ್ಟಿಗೆ ನಡೆಸಬಹುದು. ಆದರೆ ಮೊದಲು ತಪ್ಪಾದ ಸಾಲು ಹೋಗಲಿ, ಉಳಿದದ್ದಕ್ಕೆ ನೆರವು ಸಿಗಲಿ.

2021ರ ಜನವರಿಯಿಂದ ಆಸ್ಪತ್ರೆಗಳು ತಮ್ಮ ದರಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು, ನಗದು ಕೊಡುವವರಿಗಿರುವ ರಿಯಾಯಿತಿ ದರವೂ ಅದರಲ್ಲಿರಬೇಕು. 99281ರ ನಗದು ದರ ಎಷ್ಟೆಂದು ನೋಡಿ. 99283 ಇಳಿದು 99281ಕ್ಕೆ ಬಂದು ನಿಂತರೆ, ಆ ದರವನ್ನೇ ಆಧಾರವಾಗಿ ಹಿಡಿದು ಚೌಕಾಸಿ ಮಾಡಬಹುದು.

ಕಲೆಕ್ಷನ್‌ಗೆ ಹೋಗಿಬಿಟ್ಟಿದ್ದರೆ

ಮನೆ ಬದಲಾಯಿಸಿದವರಿಗೆ ಆಸ್ಪತ್ರೆಯ ಬಿಲ್ ತಲುಪದೆ ಮೊದಲ ಸುದ್ದಿಯೇ ಕಲೆಕ್ಷನ್ ಏಜೆನ್ಸಿಯಿಂದ ಬರುವುದುಂಟು. ಅವರ ಮೊದಲ ನೋಟಿಸ್ ಬಂದ 30 ದಿನದೊಳಗೆ ಬರಹದಲ್ಲಿ "ಈ ಸಾಲಕ್ಕೆ ನನ್ನ ತಕರಾರಿದೆ, ಪುರಾವೆ ಕಳಿಸಿ" ಎಂದು ತಿಳಿಸಿದರೆ, ಪುರಾವೆ ಕಳಿಸುವವರೆಗೆ ಅವರು ವಸೂಲಿ ನಿಲ್ಲಿಸಬೇಕು. ಫೋನಿನಲ್ಲಿ ಹೇಳಿದರೆ ಈ ರಕ್ಷಣೆ ಇಲ್ಲ. ವೈದ್ಯರು ನೋಡಿದರೋ ಇಲ್ಲವೋ ಎಂಬ ವಾದಕ್ಕೆ ಏಜೆನ್ಸಿಯವರ ಜತೆ ಇಳಿಯಬೇಡಿ. ಮೂಲ ಪತ್ರ ಆಸ್ಪತ್ರೆಗೇ ಹೋಗಬೇಕು, ಖಾತೆಯನ್ನು ವಾಪಸು ಕರೆಸಿಕೊಳ್ಳುವಂತೆ ಆಸ್ಪತ್ರೆಯನ್ನೇ ಕೇಳಬೇಕು.

ಕ್ರೆಡಿಟ್ ಸ್ಕೋರ್ ಹೋಯಿತೆಂಬ ಗಾಬರಿಯಲ್ಲಿ ಪೂರ್ತಿ ಕಟ್ಟಿಬಿಡುವವರು ಬಹಳ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರೂ ಕ್ರೆಡಿಟ್ ಸಂಸ್ಥೆಗಳು 2022ರಿಂದ ಆಸ್ಪತ್ರೆ ಸಾಲವನ್ನು ಒಂದು ವರ್ಷ ಕಳೆಯುವವರೆಗೆ ವರದಿಯಲ್ಲಿ ಹಾಕುವುದಿಲ್ಲ. 2023ರಿಂದ 500 ಡಾಲರ್‌ಗಿಂತ ಕಡಿಮೆಯದನ್ನು ಹಾಕುವುದೇ ಇಲ್ಲ. ತಕರಾರಿಗೆ ಬೇಕಾದಷ್ಟು ಸಮಯ ನಿಮ್ಮ ಬಳಿ ಇದೆ.

ಆಸ್ಪತ್ರೆ ಉತ್ತರವನ್ನೇ ಕೊಡದಿದ್ದರೆ

ಮೊದಲ ಪತ್ರಕ್ಕೆ 30 ದಿನ ಕಾಯಿರಿ. ಉತ್ತರ ಬಾರದಿದ್ದರೆ ಅಥವಾ "ಪರಿಶೀಲಿಸಿದ್ದೇವೆ, ಶುಲ್ಕ ಸರಿಯಿದೆ" ಎಂಬ ಒಂದೇ ಸಾಲು ಬಂದರೆ, ಅದೇ ಪತ್ರವನ್ನು ಆಸ್ಪತ್ರೆಯಲ್ಲಿ ನಿಯಮಪಾಲನೆ ನೋಡಿಕೊಳ್ಳುವ ಕಾಂಪ್ಲಯನ್ಸ್ ಆಫೀಸರ್‌ಗೆ ಕಳಿಸಿ. ಬಿಲ್ಲಿಂಗ್‌ನವರಿಗೆ ಮೊತ್ತ ಮುಖ್ಯ. ಕಾಂಪ್ಲಯನ್ಸ್‌ನವರಿಗೆ ನೀಡದ ಸೇವೆಗೆ ಬಿಲ್ ಹಾಕಿದ ಆರೋಪವೇ ಚಿಂತೆ, ಆದ್ದರಿಂದ ಅಲ್ಲಿ ಕಡತ ಬೇಗ ಕದಲುತ್ತದೆ. ಅಲ್ಲೂ ಆಗದಿದ್ದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡಿ. ಇನ್ಶೂರೆನ್ಸ್ ಕಂಪನಿಯ ಮೇಲಿನ ದೂರು ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ಹೋಗುತ್ತದೆ. ಆದರೆ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರ ಪ್ಲಾನ್‌ಗಳು ಬಹುಪಾಲು ಸೆಲ್ಫ್-ಫಂಡೆಡ್. ಕಾರ್ಡಿನ ಮೇಲೆ ಇನ್ಶೂರೆನ್ಸ್ ಕಂಪನಿಯ ಹೆಸರಿದ್ದರೂ ದುಡ್ಡು ಉದ್ಯೋಗದಾತರದು. ಅವಕ್ಕೆ ರಾಜ್ಯದ ಇಲಾಖೆಯ ಹಿಡಿತವಿಲ್ಲ. ಅಮೆರಿಕದ ಕೇಂದ್ರ ಕಾರ್ಮಿಕ ಇಲಾಖೆಯಲ್ಲಿ ಇಂಥ ಪ್ಲಾನ್‌ಗಳನ್ನು ನೋಡಿಕೊಳ್ಳುವ ಇಬಿಎಸ್‌ಎಯನ್ನು 1-866-444-3272ರಲ್ಲಿ ಸಂಪರ್ಕಿಸಬೇಕು. ನೋ ಸರ್‌ಪ್ರೈಸಸ್ ಕಾಯ್ದೆಯ ಸಹಾಯವಾಣಿ 1-800-985-3059.

ಗೆದ್ದ ಮೇಲೆ ಉಳಿಯುವ ಕೆಲಸ

"ಅಡ್ಜಸ್ಟ್ ಮಾಡಿದ್ದೇವೆ" ಎಂದು ಫೋನಿನಲ್ಲಿ ಹೇಳಿದರೆ ಮುಗಿಯಲಿಲ್ಲ. ಆಸ್ಪತ್ರೆ ನಿಮ್ಮ ಬಾಕಿಯನ್ನಷ್ಟೇ ಮನ್ನಾ ಮಾಡಿ, ಇನ್ಶೂರೆನ್ಸ್‌ಗೆ ಕಳಿಸಿದ ಕ್ಲೇಮನ್ನು ಹಾಗೇ ಬಿಟ್ಟಿರಬಹುದು. ಆಗ ನಡೆಯದ ಭೇಟಿ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ, ಡಿಡಕ್ಟಿಬಲ್ ಲೆಕ್ಕವೂ ತಪ್ಪಾಗಿಯೇ ಇರುತ್ತದೆ. ಸರಿಪಡಿಸಿದ ಕ್ಲೇಮ್ ಕಳಿಸಿದರೇ ಎಂದು ಕೇಳಿ. ಯುಬಿ-04ರ 4ನೇ ಮನೆಯಲ್ಲಿ ಹಳೆಯದಕ್ಕೆ 0131 ಇರುತ್ತದೆ. ಬದಲಿ ಕ್ಲೇಮ್ ಆದರೆ 0137, ಪೂರ್ತಿ ರದ್ದಾದರೆ 0138. ಹೊಸ ಇಒಬಿ ಬಂದಾಗ ಹಳೆಯ ಸಾಲುಗಳು ಹೋಗಿವೆಯೇ ನೋಡಿ. ಬಾಕಿ ಸೊನ್ನೆ ಎಂಬ ಪತ್ರವನ್ನು ಆಸ್ಪತ್ರೆಯಿಂದ ಖಾತೆ ಸಂಖ್ಯೆ ಸಮೇತ ತರಿಸಿ ಸ್ಕ್ಯಾನ್ ಮಾಡಿಡಿ. ವೈದ್ಯರ ಕಂಪನಿಯಿಂದಲೂ ಅಂಥದ್ದೇ ಇನ್ನೊಂದು ಬೇಕು. ಹಳೆಯ ಖಾತೆಯನ್ನು ಬೇರೆ ಏಜೆನ್ಸಿಗೆ ಮಾರಿದ್ದರೆ ವರ್ಷ ಕಳೆದ ಮೇಲೂ ಫೋನ್ ಬರಬಹುದು. ಆ ಎರಡು ಪತ್ರ ಕಳಿಸಿದರೆ ಅಲ್ಲಿಗೆ ಅದು ನಿಲ್ಲುತ್ತದೆ.